ಎಲ್ಲರಿಗೂ ಅಳು ಬರುತ್ತಿದ್ದ ಕೋಣೆ

ಗಾಳಿ ಹಿಡಿಯುವುದು ನನ್ನ ಕೆಲಸ. ಊರಿನವರು ಕೇಳಿದಾಗ ಹಾಗೆಯೇ ಹೇಳುತ್ತೇನೆ, ಅವರೂ ನಗುತ್ತಾರೆ. ಹುಬ್ಬಳ್ಳಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನೌಕರಿ, ಮನೆ ನರಗುಂದದಲ್ಲಿ. ಕಾರ್ಖಾನೆ, ಗೋದಾಮು, ಕಚೇರಿಗಳ ಒಳಗಿನ ಗಾಳಿಯನ್ನು ಬೆರಳುದ್ದದ ಗಾಜಿನ ಟ್ಯೂಬಿನ ಮೂಲಕ ಸಣ್ಣ ಪಂಪಿನಿಂದ ಎಳೆಯುತ್ತೇವೆ. ಟ್ಯೂಬಿನೊಳಗಿನ ಪುಡಿ ಆ ಗಾಳಿಯಿಂದ ಏನನ್ನು ಹಿಡಿದಿಟ್ಟುಕೊಂಡಿದೆ ಎಂದು ಆಮೇಲೆ ಯಂತ್ರದಲ್ಲಿ ನೋಡುತ್ತೇವೆ. ಎಲ್ಲ ಪುಡಿಯೂ ಎಲ್ಲ ಆವಿಯನ್ನೂ ಹಿಡಿಯುವುದಿಲ್ಲ. ಪೇಂಟಿನ ಥಿನ್ನರನ್ನು ಬಿಗಿಯಾಗಿ ಹಿಡಿಯುವ ಟ್ಯೂಬು ಇನ್ನೊಂದು ಆವಿಯನ್ನು ಹಾಗೆಯೇ ಹಾಯಲು ಬಿಡುತ್ತದೆ. ಏನನ್ನು ಹುಡುಕುತ್ತಿದ್ದೇವೆ ಎಂದು ಗೊತ್ತಿಲ್ಲದೆ ಟ್ಯೂಬು ಆರಿಸಬಾರದು ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವವಳು ನಾನು.

ಆ ಸಲ ಗಜೇಂದ್ರಗಡಕ್ಕೆ ಹೋಗಿದ್ದು ಬಣ್ಣದ ವ್ಯಾಪಾರಿಯೊಬ್ಬರ ಗೋದಾಮಿಗೆ. ಅಲ್ಲಿ ಡಬ್ಬಿ ಎತ್ತಿಡುವವರಿಗೆ ತಲೆನೋವು ಬರುತ್ತಿತ್ತು. ಥಿನ್ನರಿನ ಆವಿ ಇರಬೇಕೆಂದು ಇದ್ದಿಲಿನ ಟ್ಯೂಬುಗಳನ್ನು ಒಯ್ದಿದ್ದೆ. ತೆಂಗಿನ ಚಿಪ್ಪು ಸುಟ್ಟು ಮಾಡಿದ ಕರಿ ಹರಳು, ಅದರ ಎರಡು ಪದರ. ಅಂಥ ಕೆಲಸಕ್ಕೆ ಅದಕ್ಕಿಂತ ನಂಬಿಕಸ್ಥ ಟ್ಯೂಬು ಇಲ್ಲ. ಕೆಲಸ ಮುಗಿದು ಚಹಾ ಕುಡಿಯುವಾಗ ಮಾಲಕರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ನಲವತ್ತರ ಆಸುಪಾಸಿನವರು, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ.

“ಮೇಡಮ್ರ, ಒಂದ್ ಮಾತ ಕೇಳತೀನಿ, ನಗಬ್ಯಾಡ್ರಿ. ನಮ್ಮನ್ಯಾಗ ಒಂದು ಖೋಲಿ ಐತ್ರಿ. ಅಲ್ಲಿ ಯಾರ ಕುಂತ್ರೂ ಅಳು ಬರತೈತಿ.”

“ಅಳು ಅಂದ್ರ ಹ್ಯಾಂಗ್ರಿ?”

“ಕಣ್ಣಾಗಿಂದ ದಳದಳ ನೀರು. ಗಂಡಸರಿರ್ಲಿ, ಹೆಂಗಸರಿರ್ಲಿ. ನಮ್ಮ ತಂಗಿ ಇದ್ದ ಖೋಲಿ ಅದು. ಹಡಿಯಾಕ ಬಂದಿದ್ಲು. ಕೂಸು ಉಳೀತು, ಆಕಿ ಹೋದ್ಲು. ಐದು ತಿಂಗಳಾತ್ರಿ. ಆಕಿ ಇನ್ನೂ ಅಲ್ಲೇ ಅದಾಳ ಅಂತಾರ ಮಂದಿ. ನಮ್ಮ ಅಮ್ಮಿನೂ ಹಂಗ ಅಂತಾಳ. ಹೆಂಗೂ ಬಂದೀರಿ, ನಿಮ್ಮ ಮಷಿನ್ ಏನರ ಹೇಳತೈತೇನು ನೋಡ್ರಿ.”

ಚೀಲದಲ್ಲಿ ಎರಡು ಇದ್ದಿಲಿನ ಟ್ಯೂಬು ಉಳಿದಿದ್ದವು. ಗೋದಾಮಿನ ಆವಿ ಇವರ ಬಟ್ಟೆಯೊಡನೆ ಮನೆಗೆ ಹೋಗುತ್ತಿರಬಹುದು ಎಂದುಕೊಂಡೆ. ಅಂದರೆ ನಾನು ಆರಿಸಲೇ ಇಲ್ಲ, ಚೀಲದಲ್ಲಿ ಇದ್ದದ್ದನ್ನೇ ತೆಗೆದುಕೊಂಡು ಅವರ ಹಿಂದೆ ನಡೆದೆ.

ಗುಡ್ಡದ ಬುಡದ ಓಣಿಯಲ್ಲಿ ಅವರ ಮನೆ. ಹಜಾರ ದಾಟಿದರೆ ಎಡಕ್ಕೆ ಆ ಕೋಣೆ. ಬಸುರಿ ತಂಗಿಗೆ ಸೆಕೆ ಆಗಬಾರದೆಂದು ಎ.ಸಿ. ಹಾಕಿಸಿದ್ದರು, ತಂಪು ಹೊರಗೆ ಹೋಗಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಟೇಪು ಬಡಿದಿದ್ದರು. ಒಂದು ಗೋಡೆಯ ತುಂಬ, ನೆಲದಿಂದ ಸೂರಿನವರೆಗೆ, ಹೊಸ ಕಪಾಟು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಅದರ ಪಕ್ಕ ಮಂಚದ ಮೇಲೆ ಅಜ್ಜಿ ಕುಳಿತು ತೊಟ್ಟಿಲ ಹಗ್ಗ ಎಳೆಯುತ್ತಿದ್ದರು. ಮನೆಯವರೆಲ್ಲ ಅವರನ್ನು ಅಮ್ಮಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಪಂಪು ಹಚ್ಚಿದೆ. ಅದರ ಗುಂಯ್‌ ಸದ್ದಿಗೆ ಕೂಸು ಎಚ್ಚರಗೊಳ್ಳಲಿಲ್ಲ. ಎರಡು ತಾಸು ಅಲ್ಲಿಯೇ ಕೂಡಬೇಕಿತ್ತು.

“ಬಾ ಬೇಟಿ, ಇಲ್ಲೇ ಕುಂದ್ರು,” ಎಂದು ಅಮ್ಮಿ ಮಂಚದ ಮೇಲೆ ಜಾಗ ಮಾಡಿದರು. “ಹೆದರಬ್ಯಾಡ. ನಮ್ಮ ಹುಡುಗಿ ಯಾರಿಗೂ ಏನೂ ಮಾಡೂದಿಲ್ಲ.”

ಸ್ವಲ್ಪ ಹೊತ್ತಿನಲ್ಲಿಯೇ ನನಗೂ ಕಣ್ಣು ತುಂಬಿತು. ಮೊದಲು ಒಂದು ಹನಿ ಮೂಗಿನ ಪಕ್ಕದಿಂದ ಇಳಿಯಿತು, ಒರೆಸಿಕೊಂಡೆ. ಮತ್ತೆ ಇಳಿಯಿತು. ಅಮ್ಮಿ ನನ್ನ ಕೈ ಹಿಡಿದರು. ಅವರ ಕೆನ್ನೆಯೂ ಒದ್ದೆಯಾಗಿತ್ತು.

“ನಿಂದು ಯಾರು ಹೋಗ್ಯಾರ?” ಎಂದು ಕೇಳಿದರು.

ಅಷ್ಟು ಕೇಳಿದ್ದೇ ತಡ, ಅಪ್ಪ ಬಂದುಬಿಟ್ಟ. ಅಪ್ಪ ರೋಣದಲ್ಲಿ ಅಂಚೆಯವನಾಗಿದ್ದ. ಹಿಂದಿನ ಮಳೆಗಾಲದಲ್ಲಿ ಅವನು ತೀರಿಕೊಂಡ ಹೊತ್ತಿಗೆ ನಾನೊಂದು ಕಾರ್ಖಾನೆಯೊಳಗೆ ಪಂಪು ಹಚ್ಚಿಕೊಂಡು ಕುಳಿತಿದ್ದೆ, ಫೋನನ್ನು ಗೇಟಿನ ಕಾವಲುಗಾರ ಇಟ್ಟುಕೊಂಡಿದ್ದ. ನನ್ನ ತಂಗಿ ಹನ್ನೊಂದು ಸಲ ಕರೆ ಮಾಡಿದ್ದಳು. ಮಣ್ಣು ಮಾಡಿದ ದಿನ ನಾನು ಬಂದವರಿಗೆ ನೀರು ಕೊಡುವುದು, ಹೂವು ತರಿಸುವುದು ಇದರಲ್ಲೇ ಇದ್ದೆ. ಅಳು ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಹಿರಿಯ ಮಗಳು ಗಟ್ಟಿ ಬಿಡ್ರಿ ಎಂದು ಮಂದಿ ಹೊಗಳಿದ್ದರು. ಈಗ ಗುರುತಿಲ್ಲದವರ ಮನೆಯಲ್ಲಿ, ಗುರುತಿಲ್ಲದ ಮುದುಕಿಯ ಹೆಗಲಿಗೆ ಹಣೆ ಹಚ್ಚಿ, ‘ನಮ್ಮಪ್ಪ ಬಂದಂಗಾತು ಅಮ್ಮಿ’ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮಿ ಬೆನ್ನು ಸವರಿದರು. “ಅಳು ಬೇಟಿ. ಇಲ್ಲಿ ಎಲ್ಲಾರೂ ಅಳತಾರ. ಆಕಿನೂ ಮೂಲ್ಯಾಗ ಕುಂತು ಅಳತಾಳ, ಅದಕ್ಕ ನಮಗ ಬರತೈತಿ.”

ನಾನು ಕಪಾಟಿನ ಮೂಲೆಯ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆದರೂ ಅತ್ತ ಬೆನ್ನು ಮಾಡಿ ಕೂಡಲು ಮನಸ್ಸಾಗಲಿಲ್ಲ.

ಪಂಪು ನಿಲ್ಲಿಸಿ ಟ್ಯೂಬಿನ ಎರಡೂ ತುದಿಗೆ ಬಿರಡೆ ಹಾಕಿದೆ. ಹೊರಗೆ ಬಂದು ಹಜಾರದಲ್ಲಿ ನೀರು ಕುಡಿದ ಮೇಲೆ ಕಣ್ಣು ಒಣಗಿತು, ಎದೆ ಹಗುರಾಗಿತ್ತು. ಬಸ್ಸು ರೋಣ ದಾಟಿ ಬೆಳವಣಕಿಯ ಕರಿ ಹೊಲಗಳ ನಡುವೆ ಹೋಗುವಾಗ, ಇಷ್ಟು ದಿನ ಬಾರದೆ ಉಳಿದಿದ್ದ ಅಳು ಆ ಕೋಣೆಯಲ್ಲಿ ಇಳಿದುಹೋಯಿತು ಎನ್ನಿಸಿತು. ರಸಾಯನಶಾಸ್ತ್ರ ಓದಿದವಳು ನಾನು. ಆದರೆ ಆ ಅಳು ನನ್ನ ದುಃಖಕ್ಕೆ ಎಷ್ಟು ಸರಿಯಾಗಿ ಹೊಂದಿಕೊಂಡಿತ್ತೆಂದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕೆಂದು ಹೊಳೆಯಲೇ ಇಲ್ಲ.

ವರದಿ ಬಂತು. ಗೋದಾಮಿನಲ್ಲಿ ಥಿನ್ನರ್ ಆವಿ ಹೆಚ್ಚು. ಮನೆಯ ಕೋಣೆಯಲ್ಲಿ ಹೆಸರಿಸುವಂಥದ್ದು ಏನೂ ಇಲ್ಲ. ನಾನೇ ಸಹಿ ಮಾಡಿ ಕಳಿಸಿದೆ. ಎರಡು ದಿನ ಬಿಟ್ಟು ಮಾಲಕರ ಫೋನು ಬಂತು.

“ಅಮ್ಮಿಗೆ ಓದಿ ಹೇಳಿದ್ನಿರಿ. ಭಾಳ ಖುಷಿ ಆದ್ಲು. ಮಷಿನ್ನಿನ ಕಣ್ಣಿಗೂ ಏನೂ ಕಾಣಲಿಲ್ಲ ಅಂದ್ರ ಅದು ಖರೇನ ನನ್ನ ಮಗಳ ಅಂದ್ಲು. ಇನ್ನ ಆ ಖೋಲಿ ಬಿಟ್ಟು ಏಳೂದಿಲ್ಲ, ಕೂಸಿನ್ನೂ ಅಲ್ಲೇ ಮಲಗಸತೀನಿ, ಅವರವ್ವನ ಕಣ್ಮುಂದ ಇರಲಿ ಅಂತಾಳ.”

“ಚಲೋ ಆತ್ರಿ,” ಎಂದೆ ನಾನು. ಆ ಎರಡು ಶಬ್ದ ನನ್ನನ್ನು ಈಗಲೂ ಬಿಟ್ಟಿಲ್ಲ.

ಮುಂದಿನ ಒಂದು ತಿಂಗಳು ಆ ಕೋಣೆ ಆಗಾಗ ನೆನಪಾಗುತ್ತಿತ್ತು. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ, ಕಪಾಟಿನ ಪಕ್ಕದ ಮೂಲೆ ಕಣ್ಣ ಮುಂದೆ ಬರುತ್ತಿತ್ತು. ನೋಡಿಯೇ ಇರದ ಆ ಹುಡುಗಿಗೆ ನಾನೊಂದು ಮುಖ ಕೊಟ್ಟುಬಿಟ್ಟಿದ್ದೆ. ಆಕೆ ಏನನ್ನೋ ಹೇಳಲು ಬಾಯಿ ತೆರೆದಂತೆ, ನಾನು ಪಂಪಿನ ಸದ್ದಿನಲ್ಲಿ ಕೇಳಿಸಿಕೊಳ್ಳದಂತೆ ಆಗುತ್ತಿತ್ತು. ಗಂಡನಿಗೆ ಹೇಳಿದೆ. “ಒಂದ್ಸಲ ದವಾಖಾನಿಗೆ ತೋರಸು,” ಎಂದರು.

ಒಂದು ಶನಿವಾರ ರೋಣಕ್ಕೆ ತಂಗಿಯನ್ನು ನೋಡಲು ಹೋದೆ. ಅವಳು ಅಲ್ಲಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಅಂದು ಪ್ರಯೋಗಶಾಲೆಯಲ್ಲಿ ಒಬ್ಬಳೇ ಇದ್ದು, ಹಾವು, ಮೀನು, ಆಡಿನ ಹುಟ್ಟದ ಮರಿ ಇಟ್ಟಿದ್ದ ಗಾಜಿನ ಭರಣಿಗಳಿಗೆ ಹೊಸ ಫಾರ್ಮಾಲಿನ್ ತುಂಬುತ್ತಿದ್ದಳು. ಮಳೆಯ ಇರಚಲು ಒಳಗೆ ಬರುತ್ತದೆಂದು ಕಿಟಕಿ ಮುಚ್ಚಿದ್ದಳು. ನಾನು ಸ್ಟೂಲಿನ ಮೇಲೆ ಕುಳಿತು ಅದೂ ಇದೂ ಮಾತಾಡುತ್ತಿದ್ದೆ.

ತಂಗಿ ತಿರುಗಿ ನೋಡಿ ಗಾಬರಿಯಾದಳು. “ಯಾಕ ಅಕ್ಕಾ, ಅಪ್ಪನ ನೆನಪಾತೇನು?”

ಕೆನ್ನೆ ಮುಟ್ಟಿ ನೋಡಿಕೊಂಡೆ, ಒದ್ದೆಯಾಗಿತ್ತು. ನಾನು ಅಪ್ಪನ ಬಗ್ಗೆ ಯೋಚಿಸುತ್ತಿರಲಿಲ್ಲ, ಅವಳ ಮಗನ ಶಾಲೆಯ ಬಗ್ಗೆ ಕೇಳುತ್ತಿದ್ದೆ. ಎದೆಯಲ್ಲಿ ದುಃಖ ಇರಲಿಲ್ಲ. ಬರೀ ನೀರು. ಗಜೇಂದ್ರಗಡದ ಮಂಚದ ಮೇಲೆ ಕುಳಿತಾಗ ಮೊದಲು ಬಂದದ್ದೂ ಇಂಥದೇ ಬರೀ ನೀರು. ಅಮ್ಮಿ ‘ಯಾರು ಹೋಗ್ಯಾರ’ ಎಂದು ಕೇಳಿದ್ದು ಅದರ ನಂತರ.

ತಂಗಿಯ ಕೈಯಲ್ಲಿದ್ದ ಬಾಟಲಿಯ ಕಡೆ ನೋಡಿದೆ. ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಅನಿಲವೇ ಫಾರ್ಮಾಲಿನ್. ಮರದ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಹೊಸ ಹಲಗೆಗಳಿಂದಲೂ ಅದೇ ಅನಿಲ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ, ಬಿಸಿಲು ಏರಿದಷ್ಟೂ ಹೆಚ್ಚು. ಇದ್ದಿಲಿನ ಟ್ಯೂಬು ಅದನ್ನು ಹಿಡಿಯುವುದಿಲ್ಲ. ಅದನ್ನು ನಾನು ಎಷ್ಟು ಜನರಿಗೆ ಪಾಠ ಹೇಳಿದ್ದೇನೋ. ಗೋಡೆ ತುಂಬ ಹೊಸ ಕಪಾಟು, ಟೇಪು ಬಡಿದ ಕಿಟಕಿ, ಮತ್ತು ಐದು ತಿಂಗಳ ಕೂಸು. ಎಲ್ಲವನ್ನೂ ನೋಡಿದ್ದೆ.

ಸೋಮವಾರ ನಮ್ಮ ಮುಖ್ಯಸ್ಥರ ಮುಂದೆ ನಿಂತೆ. ಅವರು ವರದಿ ತಿರುವಿ ಹಾಕಿದರು. “ಇದ್ದಿಲಿನ ಟ್ಯೂಬಿನಾಗ ಏನೂ ಸಿಕ್ಕಿಲ್ಲ ಅಂತ ಬರದೇವಿ. ಅದು ಸುಳ್ಳಲ್ಲಲ್ಲ? ಅವರೇನೂ ಮತ್ತ ಕೇಳಿಲ್ಲ. ಯಾಕ ಕೆದಕತೀರಿ?”

“ಸುಳ್ಳಲ್ರೀ ಸರ್. ಆದ್ರ ಅದನ್ನ ನಂಬಿ ಅವರು ಕೂಸಿನ್ನ ಅಲ್ಲೇ ಮಲಗಸ್ಯಾರ.”

ಅವರು ವರದಿ ಮುಚ್ಚಿಟ್ಟು, “ಹೋಗಿ ಬರ್ರಿ,” ಎಂದರು. ಅಂದೇ ಮಾಲಕರಿಗೆ ಫೋನು ಮಾಡಿದೆ. ನನ್ನಿಂದ ತಪ್ಪಾಗಿದೆ, ಮತ್ತೊಮ್ಮೆ ನೋಡಬೇಕು, ಅಲ್ಲಿಯವರೆಗೆ ಕೂಸನ್ನು ಆ ಕೋಣೆಯಲ್ಲಿ ಮಲಗಿಸಬೇಡಿ ಎಂದೆ. “ಅಮ್ಮಿ ಕೇಳೂದಿಲ್ರಿ,” ಎಂದರು ಅವರು. “ನೀವ ಬಂದು ಹೇಳ್ರಿ.”

ಈ ಸಲ ಟ್ಯೂಬು ಆರಿಸಲು ಒಂದು ಇಡೀ ಮಧ್ಯಾಹ್ನ ಕುಳಿತೆ. ಫಾರ್ಮಾಲ್ಡಿಹೈಡನ್ನು ಹಿಡಿಯಲು ಮರಳಿನಂಥ ಹರಳುಗಳ ಮೇಲೆ ಹಳದಿ ರಾಸಾಯನಿಕ ಲೇಪಿಸಿದ ಟ್ಯೂಬು ಬೇಕು. ಅನಿಲ ಅದನ್ನು ಮುಟ್ಟಿದೊಡನೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಮತ್ತೆ ಹಾರಿಹೋಗುವುದಿಲ್ಲ. ಆದರೆ ಅದಕ್ಕೆ ಬೆಳಕು ಆಗದು, ಬಿಸಿಯೂ ಆಗದು. ಪಂಪು ಬೇಡದ, ಗೋಡೆಗೆ ತೂಗುಹಾಕುವ ಬಿಲ್ಲೆಯಂಥದೂ ಸಿಗುತ್ತದೆ. ಅದು ಇಡೀ ದಿನದ ಸರಾಸರಿ ಹೇಳುತ್ತದೆ, ನನಗೆ ಬೇಕಾದದ್ದು ಸೆಕೆ ಹೆಚ್ಚಿರುವ ನಡುಮಧ್ಯಾಹ್ನದ ಮಾತು. ಅದನ್ನು ಬಿಟ್ಟೆ. ಕೋಣೆಗೆ ಎರಡು, ಹೋಲಿಸಿ ನೋಡಲು ಹಜಾರಕ್ಕೊಂದು, ಟ್ಯೂಬಿನದೇ ದೋಷವಿದ್ದರೆ ತಿಳಿಯಲೆಂದು ಗಾಳಿ ಎಳೆಯದೆ ಬರೀ ತೆರೆದು ಮುಚ್ಚಿ ತರಲು ಒಂದು, ಹೀಗೆ ನಾಲ್ಕು ಟ್ಯೂಬುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಐಸ್ ಡಬ್ಬಿಯಲ್ಲಿಟ್ಟುಕೊಂಡು ಹೊರಟೆ.

ಅಮ್ಮಿ ನನ್ನನ್ನು ಬಾಗಿಲಲ್ಲೇ ತಡೆದರು. ಕೂಸು ಅವರ ಹೆಗಲ ಮೇಲಿತ್ತು. ಅದರ ಕಣ್ಣಂಚು ಕೆಂಪಗಿತ್ತು, ಒಂದು ಸಣ್ಣ ಒಣ ಕೆಮ್ಮು ಬಿಟ್ಟು ಬಿಟ್ಟು ಬರುತ್ತಿತ್ತು.

“ಒಮ್ಮೆ ನೋಡಿ ಏನೂ ಇಲ್ಲ ಅಂದಿ. ಈಗ ಮತ್ತ್ಯಾಕ ಬಂದಿ?”

“ಅವತ್ತ ನಾ ತಪ್ಪು ಟ್ಯೂಬ ತಂದಿದ್ನಿ ಅಮ್ಮಿ.”

“ನೀನೂ ಅತ್ತಿ. ನಿಮ್ಮಪ್ಪ ಬಂದಿದ್ದ, ನೀನ ಹೇಳಿದಿ. ಅದೂ ತಪ್ಪೇನು?”

ಬಾಯಿಗೆ ಬಂದದ್ದನ್ನು ಹೇಳಿದೆ. “ಅದು ನಂಗೂ ಗೊತ್ತಾಗವಲ್ದು. ಆದ್ರ ಕೂಸಿಗೆ ಯಾರ ನೆನಪು ಬರಬೇಕ್ರಿ ಅಮ್ಮಿ? ಅದರ ಕಣ್ಣಾಗೂ ನೀರು ಐತಲ್ಲ.”

ಅಮ್ಮಿ ಕೂಸಿನ ಮುಖ ನೋಡಿದರು. ಸೆರಗಿನಿಂದ ಅದರ ಕಣ್ಣು ಒರೆಸಿದರು. ಆಮೇಲೆ ಬಾಗಿಲಿಂದ ಸರಿದು ನಿಂತರು.

ಆ ಎರಡು ತಾಸು ನಾನೊಬ್ಬಳೇ ಕೋಣೆಯಲ್ಲಿ ಕುಳಿತೆ. ಕೂಸು ಮತ್ತು ಅಮ್ಮಿ ಹಜಾರದಲ್ಲಿದ್ದರು. ಕಣ್ಣೀರು ಬಂತು. ಇದು ಏನೆಂದು ಗೊತ್ತಿದ್ದೇ ಕುಳಿತಿದ್ದೆ, ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ. ಆದರೂ ನಡುವೆ ಒಮ್ಮೆ ಅಪ್ಪನ ಖಾಕಿ ಅಂಗಿಯ ವಾಸನೆ ಬಂದಂತಾಯಿತು. ಕಪಾಟಿನ ಒಂದು ಬಾಗಿಲು ಅರ್ಧ ತೆರೆದಿತ್ತು, ಒಳಗೆ ಆ ಹುಡುಗಿಯ ಬಟ್ಟೆಗಳು ಮಡಿಕೆಯಲ್ಲಿದ್ದವು. ಮೇಲೊಂದು ಹಸಿರು ದುಪಟ್ಟಾ. ಎದ್ದು ಬಾಗಿಲು ಮುಚ್ಚಲು ಹೋದವಳು ಮುಚ್ಚದೆ ಬಂದು ಕುಳಿತೆ. ಗಾಳಿ ಇದ್ದ ಹಾಗೆಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಮುಟ್ಟಲು ಅಂಜಿಕೆಯಾಗಿತ್ತು.

ಫಲಿತಾಂಶ ಬಂದಾಗ ಫೋನಿನಲ್ಲಿ ಹೇಳಲು ಮನಸ್ಸಾಗದೆ ನಾನೇ ಹೋದೆ. ಹಜಾರದಲ್ಲಿ ಮಾಲಕರು, ಅಮ್ಮಿ, ನಾನು ಕುಳಿತೆವು. ಕೋಣೆಯ ಟ್ಯೂಬುಗಳೆರಡರಲ್ಲೂ ಫಾರ್ಮಾಲ್ಡಿಹೈಡ್ ಹಜಾರದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕಪಾಟಿನ ಹಲಗೆಯ ಅಂಟಿನಿಂದ ಬರುತ್ತಿದೆ, ಕಿಟಕಿ ಮುಚ್ಚಿದ್ದರಿಂದ ಒಳಗೇ ನಿಂತಿದೆ, ಅದಕ್ಕೇ ಎಲ್ಲರ ಕಣ್ಣೂ ಉರಿದು ನೀರು ಬರುತ್ತದೆ ಎಂದು ಆದಷ್ಟು ಸರಳವಾಗಿ ಹೇಳಿದೆ.

ಮಾಲಕರು ತಲೆ ತಗ್ಗಿಸಿದರು. ಆ ಹಲಗೆ ಹುಬ್ಬಳ್ಳಿಯಿಂದ ತರಿಸಿ, ತಂಗಿ ಬರುವಷ್ಟರಲ್ಲಿ ಮುಗಿಯಬೇಕೆಂದು ಬಡಿಗರ ಬೆನ್ನು ಹತ್ತಿ ಮಾಡಿಸಿದವರು ಅವರೇ.

ಅಮ್ಮಿ ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಬಹಳ ಮೆಲ್ಲಗೆ ಮಾತಾಡಿದರು.

“ಆಕಿ ಹೇಳಿದ್ಲು. ಬಂದ ಎರಡನೇ ದಿನಾನ ಹೇಳಿದ್ಲು. ಅಮ್ಮಿ, ಈ ಖೋಲ್ಯಾಗ ಕಣ್ಣು ಉರೀತಾವ, ನಾ ಹಜಾರದಾಗ ಮಲಗತೀನಿ ಅಂತ. ಬಸರಾಗ ಹಂಗ ಆಗತೈತಿ, ನಿಮ್ಮಣ್ಣ ಅಷ್ಟು ಪ್ರೀತಿಲೆ ಮಾಡಸ್ಯಾನ, ಅವನ ಮನಸ್ಸು ನೋಯಸಬ್ಯಾಡ ಅಂದ್ನಿ. ಮೂರು ಸಲ ಹೇಳಿದ್ಲು. ಆಮ್ಯಾಲೆ ಹೇಳೂದ ಬಿಟ್ಲು.”

ಹೊರಗೆ ಓಣಿಯಲ್ಲಿ ಯಾರೋ ಗಾಡಿ ಚಾಲೂ ಮಾಡಲು ಒದೆಯುತ್ತಿದ್ದರು. ಅಮ್ಮಿ ನನ್ನ ಕಡೆ ತಿರುಗಿದರು.

“ಖರೇ ಹೇಳು ಬೇಟಿ. ಇದ ಆಕಿನ್ನ ತಗೊಂಡು ಹೋತೇನು?”

“ಡಾಕ್ಟರು ಏನಂದಿದ್ರು ಅಮ್ಮಿ?”

“ರಕ್ತ ಹೋಗೂದು ನಿಲ್ಲಲಿಲ್ಲ ಅಂದ್ರು.”

“ಅವರ ಮಾತು ನಂಬ್ರಿ. ನನಗ ತಿಳಿದ ಮಟ್ಟಿಗೆ ಈ ಗಾಳಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರ ನನ್ನ ಟ್ಯೂಬು ಇವತ್ತಿನ ಗಾಳಿ ಅಷ್ಟ ಹೇಳತೈತಿ. ಆಗಿಂದು ಅದಕ್ಕ ಗೊತ್ತಾಗೂದಿಲ್ಲ.”

ಇಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಮೊದಲ ಸಲ ‘ಏನೂ ಇಲ್ಲ’ ಎಂದು ಬರೆದುಕೊಟ್ಟಾಗ ಅವರಿಗೆ ಮಗಳು ಸಿಕ್ಕಿದ್ದಳು. ಈಗ ಸರಿಯಾದ ಟ್ಯೂಬು ತಂದು, ಸರಿಯಾದ ಉತ್ತರ ಹೇಳಿ, ಆ ಮಗಳನ್ನು ಕಸಿದುಕೊಂಡು, ಮೂರು ಸಲ ಹೇಳಿ ಸುಮ್ಮನಾದ ಇನ್ನೊಬ್ಬ ಮಗಳನ್ನು ಅವರ ಎದುರು ಕೂರಿಸಿದ್ದೆ. ಹೋಗುವಾಗ ಅಮ್ಮಿ ನನ್ನ ತಲೆಯ ಮೇಲೆ ಕೈ ಇಡಲಿಲ್ಲ. ಇಡಲಿ ಎಂದು ನಾನು ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತಿದ್ದೆ.

ಮರುದಿನವೇ ಬಡಿಗರು ಬಂದು ಕಪಾಟು ಬಿಚ್ಚಿದರಂತೆ. ಬಟ್ಟೆಗಳನ್ನು ಅಮ್ಮಿ ಒಬ್ಬರೇ ಹೊರತೆಗೆದು, ಎರಡೆರಡು ಸಲ ಒಗೆದು, ಮಾಳಿಗೆಯ ಮೇಲೆ ಒಣಹಾಕಿದರು. ಕಿಟಕಿಯ ಟೇಪು ಕಿತ್ತರು. ಕೂಸಿನ ತೊಟ್ಟಿಲು ಹಜಾರಕ್ಕೆ ಬಂತು. ರಾಜೂರಿನಲ್ಲಿರುವ ಅದರ ತಂದೆ ಶುಕ್ರವಾರ ಶುಕ್ರವಾರ ಬಂದು ನೋಡಿ ಹೋಗುತ್ತಿದ್ದರು. ಮೂರನೇ ಶುಕ್ರವಾರದ ಹೊತ್ತಿಗೆ ಕೆಮ್ಮು ನಿಂತಿದೆ ಎಂದು ಅವರೇ ಮೊದಲು ಗಮನಿಸಿದರಂತೆ. ಇದೆಲ್ಲ ಮಾಲಕರು ಫೋನಿನಲ್ಲಿ ಹೇಳಿದ್ದು. ಅಮ್ಮಿ ಹೇಗಿದ್ದಾರೆ ಎಂದು ಕೇಳಿದೆ.

“ಹಂಗ ಅದಾಳ್ರಿ. ದಿನಾ ಮಧ್ಯಾಹ್ನದ ಜೊಹರ್ ನಮಾಜ ಮುಗಿಸಿ ಆ ಖೋಲ್ಯಾಗ ಹೋಗಿ ಕುಂದರತಾಳ. ಅಳು ಬರೂದಿಲ್ಲಂತ. ಕುಂತು ಎದ್ದು ಬರತಾಳ.”

ನನಗೂ ಅಪ್ಪನಿಗಾಗಿ ಆಮೇಲೆ ಅಳು ಬಂದಿಲ್ಲ. ಅಂದು ಅಮ್ಮಿಯ ಹೆಗಲ ಮೇಲೆ ಹರಿದದ್ದರಲ್ಲಿ ಎಷ್ಟು ಅಂಟಿನ ಅನಿಲದ್ದು, ಎಷ್ಟು ಅಪ್ಪನದು ಎಂದು ಬೇರೆ ಮಾಡಿ ಹೇಳುವ ಟ್ಯೂಬು ನಮ್ಮ ಕಪಾಟಿನಲ್ಲಿ ಇಲ್ಲ. ಒಮ್ಮೊಮ್ಮೆ, ಹೊಸ ಮನೆಯೊಂದರಲ್ಲಿ ಕೆಲಸಕ್ಕೆ ಕುಳಿತಾಗ ಕಣ್ಣು ಸ್ವಲ್ಪ ಉರಿದರೆ, ಎದ್ದು ಕಿಟಕಿ ತೆರೆಯುವ ಮೊದಲು ಒಂದೆರಡು ನಿಮಿಷ ಕಾಯುತ್ತೇನೆ. ಹಾಗೆ ಕಾಯಬಾರದೆಂದು ನನಗೆ ಗೊತ್ತು.

ಕಳೆದ ಬೇಸಿಗೆಯಲ್ಲಿ ಅದೇ ಗೋದಾಮಿನ ಕೆಲಸಕ್ಕೆ ಮತ್ತೆ ಗಜೇಂದ್ರಗಡಕ್ಕೆ ಹೋಗಿದ್ದೆ. ಮಾಲಕರು ಊಟಕ್ಕೆ ಮನೆಗೆ ಕರೆದರು. ಹೋಗಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿ ಹೋದೆ. ಅಮ್ಮಿ ಸೊರಗಿದ್ದರು. “ಬಾ ಬೇಟಿ,” ಎಂದರು, ಊಟಕ್ಕೆ ಎದುರು ಕುಳಿತು ಬಡಿಸಿದರು. ಆ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಬರಿ ಗೋಡೆ, ಕಿಟಕಿಯಿಂದ ಬಿಸಿಲು. ನಾನು ಅತ್ತ ನೋಡಿದ್ದನ್ನು ಅವರು ನೋಡಿದರು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಕೂಸು ಈಗ ಓಡಾಡುವ ಹುಡುಗಿ, ಒಂದೊಂದೇ ಮಾತು ಕಲಿಯುತ್ತಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ಅಮ್ಮಿಯ ಕಾಟ ಹೆಚ್ಚಾಗಿದೆ ಎಂದು ಮಾಲಕರು ನಗುತ್ತ ದೂರಿದರು. ಹುಡುಗಿ ಅಂಗಿ ಚುಚ್ಚುತ್ತದೆ ಎಂದರೆ ಅಂಗಿ ಬಿಚ್ಚಿ ಹೊಲಿಗೆಯನ್ನೆಲ್ಲ ಬೆರಳಿನಿಂದ ತಡಕುತ್ತಾರಂತೆ. ಹಾಲು ಬೇಡ ಎಂದರೆ ತಾವು ಕುಡಿದು ನೋಡುತ್ತಾರಂತೆ.

ನಾವು ಮಾತಾಡುತ್ತಿದ್ದಾಗ ಹುಡುಗಿ ಅಂಗಳಕ್ಕೆ ಕಾಲಿಟ್ಟವಳು ಚಟ್ಟನೆ ಒಳಗೆ ಬಂದಳು. “ನಾನಿ, ಬಿಸಿ,” ಎಂದಳು ಅಮ್ಮಿಗೆ.

“ಚಪ್ಪಲಿ ಹಾಕ್ಕೊಂಡು ಹೋಗು,” ಎಂದರು ಮಾಲಕರು, ಕುಳಿತಲ್ಲಿಂದಲೇ.

ಅಮ್ಮಿ ಬಡಿಸುತ್ತಿದ್ದ ಸೌಟು ಕೆಳಗಿಟ್ಟರು. ಮೊಣಕಾಲು ಹಿಡಿದುಕೊಂಡು ಎದ್ದು, ಅಂಗಳದ ಅಂಚಿಗೆ ಹೋಗಿ, ಬಾಗಿ, ಬಿಸಿಲಿನ ಕಲ್ಲಿನ ಮೇಲೆ ತಮ್ಮ ಅಂಗೈ ಊರಿದರು. ಸ್ವಲ್ಪ ಹೊತ್ತು ಹಾಗೆಯೇ ಊರಿಕೊಂಡಿದ್ದರು.

“ಹೌದವಾ,” ಎಂದರು ಹುಡುಗಿಗೆ. “ಬಿಸಿ ಐತಿ.”